ತಿಂಗಳ ಪೂಜೆ ಮುಗಿದ ಮೇಲೆ

ಸಾವನ್ನು ಹೇಗೆ ನಿಭಾಯಿಸಬೇಕು ಅನ್ನೋದನ್ನ ಐರ್ಲೆಂಡಿನವರನ್ನು ನೋಡಿ ಕಲೀಬೇಕು ಅಂತ ಇಲ್ಲಿಗೆ ಬಂದವರೆಲ್ಲ ಒಂದಲ್ಲ ಒಂದು ಸಲ ಹೇಳ್ತಾರೆ. ಆ ಮಾತು ಅರ್ಧ ನಿಜ. ಮೊದಲಿನ ಅರ್ಧ.

ಆ ಮೊದಲಿನ ಅರ್ಧ ನಿಜಕ್ಕೂ ಚೆಂದ. ಹಳ್ಳಿ ಕಡೆ ಈಗಲೂ ಸ್ಥಳೀಯ ರೇಡಿಯೋದಲ್ಲಿ ತೀರಿಕೊಂಡವರ ಹೆಸರು ಓದ್ತಾರೆ. ಬರೀ ಸಾವಿನ ಸುದ್ದಿಗೆ ಅಂತಲೇ 2005ರಲ್ಲಿ ಶುರುವಾದ ಆರ್‌ಐಪಿ ಡಾಟ್ ಐಇ ಅನ್ನೋ ಜಾಲತಾಣ ಇದೆ. ಬೆಳಗಿನ ಟೀ ಜೊತೆ ಅದನ್ನೊಮ್ಮೆ ನೋಡದಿದ್ದರೆ ಸಮಾಧಾನ ಇಲ್ಲದ ಜನ ಇದ್ದಾರೆ (ಪೇಪರ್ ಬಂದ ತಕ್ಷಣ ನಿಧನ ವಾರ್ತೆಯ ಪುಟ ತೆಗೆಯೋ ನಮ್ಮ ತಾತಂದಿರ ಹಾಗೆ). ದೇಹವನ್ನು ಮನೆಯಲ್ಲಿಟ್ಟು ಬಂದವರೆಲ್ಲ ಸುತ್ತ ಕೂರೋ 'ವೇಕ್' ಇದೆ. ಪಕ್ಕದ ಮನೆಯವರು ಕೇಳದೇನೇ ಸ್ಯಾಂಡ್‌ವಿಚ್ ತಟ್ಟೆ, ಕುರ್ಚಿ, ದೊಡ್ಡ ಟೀ ಪಾತ್ರೆ ತಂದಿಟ್ಟು ಹೋಗ್ತಾರೆ. ಸತ್ತವರ ಮುಖವನ್ನೇ ನೋಡಿರದ ಆಫೀಸಿನವರೂ ಸಾಲಿನಲ್ಲಿ ನಿಂತು, ಮನೆಯವರ ಕೈ ಹಿಡಿದು, ಎಲ್ಲರೂ ಹೇಳೋ ಅದೇ ಒಂದು ವಾಕ್ಯ ಹೇಳ್ತಾರೆ: 'ಸಾರಿ ಫಾರ್ ಯುವರ್ ಟ್ರಬಲ್'. ಎರಡು ಮೂರು ದಿನದಲ್ಲಿ ಚರ್ಚಿನಲ್ಲಿ ಪೂಜೆ, ಮಣ್ಣು, ಆಮೇಲೆ ಬಂದವರಿಗೆಲ್ಲ ಊಟ. ತಿಂಗಳಾದ ಮೇಲೆ 'ಮಂತ್ಸ್ ಮೈಂಡ್' ಅಂತ ಇನ್ನೊಂದು ಪೂಜೆ. ನಮ್ಮ ಮಾಸಿಕದ ದಾಯಾದಿ ಅನ್ನಿ.

ಅಲ್ಲಿಗೆ ಜನ ಬರೋದು ಮುಗೀತು. ಆಮೇಲೆ ನವೆಂಬರಿನಲ್ಲಿ ಚರ್ಚಿನ ಪೀಠದ ಮೇಲಿಡೋ ಸತ್ತವರ ಹೆಸರಿನ ಪಟ್ಟಿ, ವರ್ಷಕ್ಕೊಂದು ಪೂಜೆ, ಬೇಸಿಗೆಯಲ್ಲಿ ಒಂದು ದಿನ ಸಮಾಧಿಗಳಿಗೆ ಆಶೀರ್ವಾದ. ಮಿಕ್ಕ ದಿನಗಳು ಮನೆಯವರ ಪಾಲಿಗೆ.

ನಮ್ಮಲ್ಲೇನು ಬೇರೆ ಅಲ್ಲ. ಹಾಲು ತುಪ್ಪ, ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ... ಪ್ರತಿಯೊಂದೂ ಮನೆಯವರ ಕೈಗೆ ಒಂದು ಕೆಲಸ ಕೊಡುತ್ತೆ. ಪುರೋಹಿತರಿಗೆ ಫೋನು, ಅಡುಗೆಯವರಿಗೆ ಅಡ್ವಾನ್ಸು, ಯಾರನ್ನ ಕರೆದ್ವಿ ಯಾರನ್ನ ಬಿಟ್ವಿ ಅನ್ನೋ ಚಿಂತೆ. ಅಳೋಕೂ ಪುರುಸೊತ್ತಿರಲ್ಲ. ಶಾಮಿಯಾನ ಬಿಚ್ಚಿ, ಬಾಡಿಗೆ ಪಾತ್ರೆ ವಾಪಸ್ ಕಳಿಸಿ, ದೂರದ ನೆಂಟರು ರಾತ್ರಿ ಬಸ್ಸು ಹತ್ತಿದ ಮೇಲೇನೇ ಮನೆಯಲ್ಲಿ ಒಬ್ಬರು ಕಡಿಮೆ ಅನ್ನೋದು ಗೊತ್ತಾಗೋದು.

ಆ ಎರಡನೇ ಅರ್ಧಕ್ಕೆ ಅಂತ ಇಲ್ಲಿ ಒಂದು ವ್ಯವಸ್ಥೆ ಇದೆ. ನಾನು ಹೇಳಬೇಕು ಅಂತಿರೋದು ಅದರ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕು ಅಂದ್ರೆ, ಅದು ಇರೋದು ಯಾರಿಗೂ ಗೊತ್ತಿಲ್ಲದಿರೋದರ ಬಗ್ಗೆ.

ಡಬ್ಲಿನ್ ಮತ್ತು ಸುತ್ತಮುತ್ತಲಿನ ಹಲವು ಪ್ಯಾರಿಷ್‌ಗಳಲ್ಲಿ (ಕನ್ನಡದ ಕ್ಯಾಥೊಲಿಕರು ಧರ್ಮಕೇಂದ್ರ ಅಂತಾರೆ) ಸಾವಿನ ದುಃಖದಲ್ಲಿರೋರ ಜೊತೆ ಕೂರೋದಕ್ಕೆ ಅಂತ ಸ್ವಯಂಸೇವಕರ ಗುಂಪುಗಳಿವೆ. ಕೆಲವಕ್ಕೆ 'ಬೆಥನಿ' ಅಂತ ಹೆಸರು, ಮಿಕ್ಕವು ಆಯಾ ಚರ್ಚಿನ ಹೆಸರಿನಲ್ಲೇ ನಡೀತವೆ. ಬೆಥನಿ ಅಂದ್ರೆ ಬೈಬಲ್ಲಿನಲ್ಲಿ ಬರೋ ಒಂದು ಊರು. ಲಾಜರ ಸತ್ತು, ಅವನ ಸೋದರಿಯರಾದ ಮಾರ್ತಾ, ಮರಿಯ ಅಳ್ತಾ ಇದ್ದಾಗ ಯೇಸು ಬಂದು ತಾನೂ ಅತ್ತ ಊರು. ಲಾಜರನನ್ನ ಇನ್ನೇನು ಎಬ್ಬಿಸ್ತೀನಿ ಅಂತ ಗೊತ್ತಿದ್ದವನೇ ಮೊದಲು ನಿಂತು ಅತ್ತನಲ್ಲ ಅನ್ನೋದು ನನಗೆ ಯಾವಾಗಲೂ ಇಷ್ಟವಾಗೋ ಸಂಗತಿ. ಹೆಸರಿಟ್ಟವರು ಯೋಚಿಸಿಯೇ ಇಟ್ಟಿದ್ದಾರೆ.

ಇವರು ಮಾಡೋದು ತುಂಬಾ ಸಣ್ಣ ಕೆಲಸ. ತರಬೇತಿ ಪಡೆದ ಇಬ್ಬರೋ ಮೂವರೋ ನಿವೃತ್ತ ಟೀಚರು, ನರ್ಸು, ಅಂಗಡಿಯಾಕೆ ಇಂಥವರು ಚರ್ಚಿನ ಪಕ್ಕದ ಪ್ಯಾರಿಷ್ ಸೆಂಟರಿನ ಕೋಣೆಯಲ್ಲಿ ಕೂತಿರ್ತಾರೆ. ಬಂದವರ ಮಾತು ಕೇಳ್ತಾರೆ. ದುಡ್ಡಿಲ್ಲ. ಆಡಿದ ಮಾತು ಆಚೆ ಹೋಗಲ್ಲ. ಸಲಹೆ ಕೊಡಲ್ಲ, 'ಕಾಲ ಎಲ್ಲ ಮರೆಸುತ್ತೆ' ಅನ್ನಲ್ಲ. ಹಾಗನ್ನಬಾರದು ಅಂತಲೇ ತರಬೇತಿ! ನೀವು ಅದೇ ಕಥೆಯನ್ನ ನಾಲ್ಕನೇ ಸಲ ಹೇಳಿದರೂ ಮೊದಲ ಸಲದ ಹಾಗೇ ಕೇಳಿಸಿಕೊಳ್ತಾರೆ. ಮನೆಯವರು ಹಾಗೆ ಕೇಳೋಕಾಗಲ್ಲ, ಅವರದ್ದೂ ಅದೇ ದುಃಖ ತಾನೆ.

ಇದು ಭಕ್ತರು ಹುಟ್ಟುಹಾಕಿದ ಬರೀ ಭಾವುಕ ಏರ್ಪಾಡು ಅಂದ್ಕೋಬೇಡಿ, ಹಿಂದೆ ಒಂದಷ್ಟು ಚರಿತ್ರೆ ಇದೆ. 1942ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ನಿನ ಕೊಕೊನಟ್ ಗ್ರೋವ್ ಅನ್ನೋ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಬದುಕುಳಿದವರನ್ನೂ ಸತ್ತವರ ಮನೆಯವರನ್ನೂ ನೋಡಿಕೊಂಡ ಎರಿಕ್ ಲಿಂಡೆಮನ್ ಅನ್ನೋ ಮನೋವೈದ್ಯರು 1944ರಲ್ಲಿ ಒಂದು ಪ್ರಬಂಧ ಬರೆದರು. ಸಾವಿನ ದುಃಖದ ಬಗ್ಗೆ ಮುಂದೆ ಬಂದ ಅಧ್ಯಯನಗಳಿಗೆಲ್ಲ ಅದೊಂದು ಬುನಾದಿ. ದುಃಖದಲ್ಲಿರೋ ಎಲ್ಲರಿಗೂ ಮನೋವೈದ್ಯರು ಸಿಗೋದು ಸಾಧ್ಯವಿಲ್ಲ, ಹಾಗಾಗಿ ಈ ತಿಳಿವಳಿಕೆಯನ್ನ ಸಮಾಜ ಕಾರ್ಯಕರ್ತರಿಗೂ ಪಾದ್ರಿಗಳಿಗೂ ದಾಟಿಸಬೇಕು ಅಂತ ಅವರು ಆಗಲೇ ಹೇಳಿದ್ದರು.

ಅದೇ ಬಾಸ್ಟನ್ನಿನಲ್ಲಿ 1960ರ ದಶಕದ ಕೊನೆಯಲ್ಲಿ ಫಿಲಿಸ್ ಸಿಲ್ವರ್‌ಮನ್ ಅನ್ನೋರು 'ವಿಡೋ ಟು ವಿಡೋ' ಅಂತ ಒಂದು ಪ್ರಯೋಗ ಮಾಡಿದರು. ಗಂಡನನ್ನ ಕಳಕೊಂಡು ಕೆಲವು ವರ್ಷ ಆದ ಹೆಂಗಸರು, ಹೊಸದಾಗಿ ಕಳಕೊಂಡ ಹೆಂಗಸರ ಮನೆಗೆ ಹೋಗಿ ಮಾತಾಡಿಸೋದು. ಇದರಲ್ಲಿ ನನ್ನ ಮಟ್ಟಿಗೆ ಮುಖ್ಯವಾದ ವಿಷಯ ಏನಂದ್ರೆ, ಅವರು ಕಚೇರಿ ತೆಗೆದು, ಬೋರ್ಡು ಹಾಕಿ, ಬರೋರಿಗೆ ಕಾಯ್ತಾ ಕೂರಲಿಲ್ಲ. ಮರಣ ದಾಖಲೆಯಿಂದ ಹೆಸರು ಹುಡುಕಿ, 'ಇಂಥ ದಿನ ಬರ್ತೀನಿ, ಬೇಡ ಅಂದ್ರೆ ತಿಳಿಸಿ' ಅಂತ ಕಾಗದ ಬರೆದು, ತಾವೇ ಹೋದರು.

ಈಗ ನಮ್ಮ ಪ್ಯಾರಿಷ್‌ಗಳಿಗೆ ಬನ್ನಿ. ಇವರು ಜನಕ್ಕೆ ತಿಳಿಸೋದು ಹೇಗೆ? ಚರ್ಚಿನ ಬಾಗಿಲ ಹತ್ತಿರದ ಸ್ಟ್ಯಾಂಡಿನಲ್ಲಿ ಒಂದು ಕರಪತ್ರ, ಲೂರ್ದ್ ಯಾತ್ರೆಯ ಜಾಹೀರಾತಿಗೂ ಕೇಕ್ ಮಾರಾಟದ ಚೀಟಿಗೂ ಮಧ್ಯ. ವಾರದ ಪ್ಯಾರಿಷ್ ಪತ್ರಿಕೆಯ ಹಿಂದಿನ ಪುಟದಲ್ಲಿ ಎರಡು ಸಾಲು. ಭಾನುವಾರ ಪೂಜೆ ಮುಗಿಯೋ ಹೊತ್ತಿಗೆ, ಜನ ಕೋಟು ಹಾಕ್ಕೊಳ್ತಾ ಇರುವಾಗ, ಪೀಠದಿಂದ ಒಂದು ಪ್ರಕಟಣೆ. ಇದಕ್ಕೆ ಅವರು 'ಜಾಗೃತಿ ಮೂಡಿಸೋದು' ಅಂತಾರೆ.

ಯಾರಿಗೆ ಮೂಡುತ್ತೆ? 2022ರ ಜನಗಣತಿಯಲ್ಲಿ ನಾವು ಕ್ಯಾಥೊಲಿಕರು ಅಂತ ಬರೆಸಿದವರೇ ಶೇಕಡಾ 69ಕ್ಕೆ ಇಳಿದಿದ್ದರು, 2016ರಲ್ಲಿ 79 ಇತ್ತು. ಬರೆಸಿದವರಲ್ಲೂ ಎಷ್ಟೋ ಜನ ಮದುವೆಗೆ, ಮಗುವಿನ ನಾಮಕರಣಕ್ಕೆ, ಮಣ್ಣಿಗೆ ಬಿಟ್ಟರೆ ಚರ್ಚಿನ ಕಡೆ ತಲೆ ಹಾಕೋರಲ್ಲ. ಅದಕ್ಕೆ ಕಾರಣವೂ ಸಣ್ಣದಲ್ಲ. ಚರ್ಚಿನ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಬಗ್ಗೆ 2009ರಲ್ಲಿ ಬಂದ ರಯನ್ ವರದಿ, ಅದೇ ವರ್ಷದ ಮರ್ಫಿ ವರದಿ ಓದಿದವರಿಗೆ ಪ್ಯಾರಿಷ್ ಅನ್ನೋ ಪದ ಕೇಳಿದ್ರೇ ಬಾಯಿ ಕಹಿಯಾಗುತ್ತೆ. ಆ ಸಿಟ್ಟು ನ್ಯಾಯವಾದದ್ದು. ಆದರೆ ಒಬ್ಬ ಅಜ್ಜಿ ಚರ್ಚಿನ ಪಕ್ಕದ ಕೋಣೆಯಲ್ಲಿ ಕೂತು ಬೇರೆಯವರ ದುಃಖ ಕೇಳೋದು, ಬಿಷಪ್ಪರ ಮನೆ ಕಡತಗಳಿಗಿಂತ ಬೇರೆ ವಿಷಯ. ಇದನ್ನ ಬಿಡಿಸಿ ಹೇಳೋರು ಬೇಕಲ್ಲ?

ಇನ್ನೂ ಮೂಲದ ತೊಂದರೆ ಬೇರೆ ಇದೆ. ದುಃಖದಲ್ಲಿರೋರು ಕರಪತ್ರ ಓದಲ್ಲ. ಅಪ್ಪ ಸತ್ತ ವಾರದಲ್ಲಿ ಗ್ಯಾಸ್ ಬಿಲ್ಲನ್ನೇ ಓದಕ್ಕಾಗಲ್ಲ, ಇನ್ನು 'ಅಗಲಿಕೆಯ ಬೆಂಬಲ ಸೇವೆ' ಅನ್ನೋ ತಲೆಬರಹ ಕಂಡರೆ 'ಇದು ನನಗಲ್ಲ, ಯಾರೋ ಪಾಪ ಕಷ್ಟದಲ್ಲಿರೋರಿಗೆ' ಅಂತ ಮುಂದೆ ಹೋಗ್ತಾರೆ. ಹಾಗಾಗಿ ನನ್ನ ವಾದ ಇಷ್ಟು: ಈ ಪ್ರಚಾರವನ್ನ ದುಃಖಿತರಿಗೆ ಮಾಡೋದನ್ನ ಬಿಟ್ಟು, ಅವರ ಅಕ್ಕಪಕ್ಕದವರಿಗೆ ಮಾಡಬೇಕು. ಅದೂ ಸಾವು ಬರೋದಕ್ಕೆ ಮುಂಚೆ.

ನನ್ನ ಪರಿಚಯದ ಒಬ್ಬರಿದ್ದಾರೆ, ತುಮಕೂರು ಕಡೆಯವರು, ಇಲ್ಲಿ ಸಾಫ್ಟ್‌ವೇರ್ ಕೆಲಸ. ಅವರ ತಾಯಿ ಊರಲ್ಲಿ ತೀರಿಕೊಂಡರು. ಸುದ್ದಿ ಬಂದದ್ದು ಇಲ್ಲಿನ ಬೆಳಗಿನ ಜಾವ. ಅಬುಧಾಬಿಯಲ್ಲಿ ವಿಮಾನ ಬದಲಿಸಿ, ಬೆಂಗಳೂರಿಗಿಳಿದು, ಟ್ಯಾಕ್ಸಿ ಹಿಡಿದು ಹೋಗೋ ಹೊತ್ತಿಗೆ ಎಲ್ಲ ಮುಗಿದು ಬೂದಿ ತಣ್ಣಗಾಗಿತ್ತು. ತಮ್ಮ ವಿಡಿಯೋ ಕಾಲಿನಲ್ಲಿ ತೋರಿಸಿದ್ದನ್ನ ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಕೂತು ನೋಡಿದ್ದರಂತೆ. ಪಕ್ಕದಲ್ಲಿ ಯಾರೋ ಬರ್ಗರ್ ತಿಂತಾ ಇದ್ದರಂತೆ. ಹನ್ನೊಂದು ಮುಗಿಸಿ ವಾಪಸ್ ಬಂದು ಸೋಮವಾರ ಲಾಗಿನ್ ಆದರು. ಎಲ್ಲರೂ 'ಸಾರಿ' ಅಂದರು. ಅಲ್ಲಿಗಾಯ್ತು.

ನಾಲ್ಕು ತಿಂಗಳಾದ ಮೇಲೆ ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ, ಹಿಂದಿನ ಸೀಟಿನಲ್ಲಿ ಹಾಲು ಮೊಟ್ಟೆ ಇಟ್ಕೊಂಡು, ಸ್ಟೇರಿಂಗ್ ಹಿಡಿದು ಮುಕ್ಕಾಲು ಗಂಟೆ ಅತ್ತರಂತೆ. ಯಾಕೆ ಅಂತ ಅವರಿಗೇ ಗೊತ್ತಿಲ್ಲ. ಹೆಂಡತಿಗೆ ಹೇಳಲಿಲ್ಲ. ಆಕೆಗೆ ಯಾಕೆ ಭಾರ ಅಂತ.

ಅವರ ಮಗಳು ಓದೋದು ಚರ್ಚಿನ ಮಗ್ಗುಲಿನ ಶಾಲೆಯಲ್ಲಿ (ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನವು ಕ್ಯಾಥೊಲಿಕ್ ಆಡಳಿತದವೇ). ಮೂರು ವರ್ಷ ದಿನಾ ಬೆಳಿಗ್ಗೆ ಆ ಚರ್ಚಿನ ಅಂಗಳದಲ್ಲೇ ಕಾರು ನಿಲ್ಲಿಸಿ ಮಗಳನ್ನ ಬಿಟ್ಟಿದ್ದಾರೆ. ಮೂರು ವರ್ಷವೂ ಆ ಕರಪತ್ರ ಅವರಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಕೊನೆಗೆ ಅವರು ಆ ಕೋಣೆಗೆ ಹೋದದ್ದು ಕರಪತ್ರದಿಂದಲ್ಲ. ಶಾಲೆಯ ಗೇಟಿನಲ್ಲಿ ಮಕ್ಕಳನ್ನ ರಸ್ತೆ ದಾಟಿಸೋ ಹೆಂಗಸೊಬ್ಬಳು ಇವರ ಮುಖ ನೋಡಿ, 'ನಿನ್ನ ತಾಯಿ ಹೋದರಂತಲ್ಲ, ಗುರುವಾರ ಸಂಜೆ ಅಲ್ಲಿ ಇಬ್ಬರು ಕೂತಿರ್ತಾರೆ, ನನ್ನ ಗಂಡ ಹೋದಾಗ ನಾನೂ ಹೋಗಿದ್ದೆ, ಟೀ ಚೆನ್ನಾಗಿರಲ್ಲ, ಆದರೂ ಹೋಗು' ಅಂದಳಂತೆ. ಇದಕ್ಕಿಂತ ಒಳ್ಳೇ ಪ್ರಚಾರ ಯಾವ ಜಾಹೀರಾತು ಕಂಪನಿಯೂ ಮಾಡಲಾರದು.

ಹಾಗಾದ್ರೆ ಯಾರಿಗೆ ತಿಳಿದಿರಬೇಕು? ಮೊದಲು ಶವಸಂಸ್ಕಾರ ನಡೆಸೋ ಅಂಡರ್‌ಟೇಕರ್‌ಗೆ. ದೇವರನ್ನ ನಂಬದವರ ಮನೆಯೊಳಗೂ ಹೋಗೋ ಮನುಷ್ಯ ಅವನೊಬ್ಬನೇ. ಲೆಕ್ಕ ಚುಕ್ತಾ ಮಾಡೋ ದಿನ ರಸೀತಿಯ ಜೊತೆ ಒಂದು ಚೀಟಿ ಕೊಟ್ಟರೆ ಸಾಕು. ಆಮೇಲೆ ಜಿಪಿ, ಅಂದ್ರೆ ನಮ್ಮ ಕುಟುಂಬ ವೈದ್ಯರು. ನಿದ್ದೆ ಬರಲ್ಲ, ಎದೆ ಹಿಡಿದಂಗಾಗುತ್ತೆ ಅಂತ ಜನ ಹೋಗೋದು ಅಲ್ಲಿಗೇ. ಶಾಲೆಯ ಹೆಡ್‌ಮಿಸ್ಸು, ಔಷಧಿ ಅಂಗಡಿಯವರು, ಊರಿನ ಜಿಎಎ ಕ್ಲಬ್ಬಿನ ಕೋಚು. ಗಂಡಸರ ವಿಷಯದಲ್ಲಂತೂ ಈ ಕೋಚ್ ಬಹಳ ಮುಖ್ಯ, ಯಾಕಂದ್ರೆ ಪಾದ್ರಿ ಹೇಳಿದರೆ ಕೇಳದೋರು ಕೋಚ್ ಹೇಳಿದರೆ ಕೇಳ್ತಾರೆ :) ಮತ್ತೆ, ಮಂತ್ಸ್ ಮೈಂಡ್ ಪೂಜೆಯ ದಿನ ಗುಂಪಿನ ಒಬ್ಬರು ಬಾಗಿಲಲ್ಲಿ ನಿಂತು ಮನೆಯವರ ಕೈ ಹಿಡಿದು, ಹೆಸರು ಹೇಳಿ ಪರಿಚಯ ಮಾಡಿಕೊಂಡರೆ ಆಯ್ತು. ಮೊದಲ ದಿನ ಬೇಡ, ಮೊದಲ ದಿನ ನೂರು ಕೈ ಇರ್ತವೆ.

ಮಂಗಳೂರಿನ ಕಡೆಯ ಕ್ಯಾಥೊಲಿಕ್ ಗೆಳೆಯರಿಗೆ ಇದು ಹೊಸತಲ್ಲ ಅಂತ ಗೊತ್ತು. ಅವರ ಇಗರ್ಜಿಗಳಲ್ಲಿ ಪ್ಯಾರಿಷ್ಷನ್ನ ವಾರ್ಡುಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬ ಗುರ್ಕಾರ ಇರ್ತಾರೆ. ಯಾರ ಮನೆಯಲ್ಲಿ ಏನು ನಡೀತಿದೆ ಅನ್ನೋದು ಗುರ್ಕಾರರಿಗೆ ಪಾದ್ರಿಗಿಂತ ಮೊದಲೇ ಗೊತ್ತಾಗುತ್ತೆ. ಇಲ್ಲಿಗೆ ನರ್ಸುಗಳಾಗಿ ಬಂದಿರೋ ಮಂಗಳೂರು, ಉಡುಪಿ ಕಡೆಯವರು ಐರಿಷ್ ಪ್ಯಾರಿಷ್‌ಗಳಿಗೆ ಗುರ್ಕಾರರ ಈ ಒಂದು ಪದ್ಧತಿಯನ್ನ ಕಲಿಸಿಕೊಟ್ಟರೂ ದೊಡ್ಡ ಉಪಕಾರ.

ಇನ್ನು ನಮ್ಮ ಕನ್ನಡದ ಗುಂಪುಗಳ ಕಥೆ. ಊರಲ್ಲಿ ಯಾರದ್ದೋ ಅಪ್ಪ ಹೋದರು ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದ ತಕ್ಷಣ ನೂರು 'ಓಂ ಶಾಂತಿ', ನೂರು ಜೋಡಿಸಿದ ಕೈ. ಮಧ್ಯಾಹ್ನದ ಹೊತ್ತಿಗೆ ಅದೇ ಗುಂಪಿನಲ್ಲಿ ಯುಗಾದಿ ಊಟಕ್ಕೆ ಒಬ್ಬಟ್ಟು ಯಾರು ಮಾಡ್ತಾರೆ ಅನ್ನೋ ಚರ್ಚೆ. ತಪ್ಪಂತ ಹೇಳ್ತಿಲ್ಲ, ಯುಗಾದಿ ನಿಲ್ಲೋಕಾಗುತ್ತಾ? ಇಲ್ಲೇ ಯಾರಾದರೂ ಸತ್ತರಂತೂ ನಮ್ಮ ಜನ ಎದ್ದು ನಿಲ್ತಾರೆ. ದೇಹ ಊರಿಗೆ ಕಳಿಸೋಕೆ ದುಡ್ಡು ಕೂಡಿಸ್ತಾರೆ, ಕಾಗದಪತ್ರಕ್ಕೆ ಓಡಾಡ್ತಾರೆ, ವಾರಗಟ್ಟಲೆ ಅಡುಗೆ ಕಳಿಸ್ತಾರೆ. ಮೂರನೇ ತಿಂಗಳಲ್ಲಿ ಫೋನ್ ಮಾಡೋಕೆ ಮಾತ್ರ ನಮಗೆ ಬರಲ್ಲ. ಏನು ಮಾತಾಡೋದು ಅನ್ನೋ ಮುಜುಗರ. ಅಂಥ ಹೊತ್ತಿಗೆ ಮುಜುಗರ ಕಳಕೊಂಡ, ತರಬೇತಿಯಾದ ಜನ ನಾಲ್ಕು ರಸ್ತೆ ಆಚೆ ಕೂತಿದ್ದಾರೆ ಅಂತ ನಮಗೆ ಗೊತ್ತಿರಬೇಡವಾ?

'ಚರ್ಚಿನವರು ಮತಾಂತರ ಮಾಡ್ತಾರೆ' ಅಂತ ಒಬ್ಬರು ನನಗೆ ನೇರವಾಗೇ ಹೇಳಿದರು. ನಾನು ಕಂಡ ಗುಂಪುಗಳಲ್ಲಿ ಧರ್ಮ ಕೇಳಲ್ಲ. ಪ್ರಾರ್ಥನೆ ಬೇಕು ಅಂದವರಿಗೆ ಮಾಡ್ತಾರೆ, ಬೇಡ ಅಂದ್ರೆ ಇಲ್ಲ. ಆ ತುಮಕೂರಿನವರು ಜೇಬಲ್ಲಿ ಮನೆದೇವರ ಕುಂಕುಮದ ಪೊಟ್ಟಣ ಇಟ್ಕೊಂಡೇ ಹೋಗಿ ಬಂದಿದ್ದಾರೆ. ಆದರೂ ಅನುಮಾನ ಇರೋರಿಗೆ ಪ್ಯಾರಿಷ್ಷಿನವರು ಒಂದು ಕೆಲಸ ಮಾಡಬಹುದು, ತಿಂಗಳಿಗೊಂದು ಸಲ ಊರಿನ ಗ್ರಂಥಾಲಯದಲ್ಲೋ ಕ್ಲಬ್ಬಿನ ಕೋಣೆಯಲ್ಲೋ ಕೂರಬಹುದು. ಹೆಸರು ಮುಚ್ಚಿಡೋದು ಬೇಡ. ಚರ್ಚಿನವರು ಅಂತ ಹೇಳ್ಕೊಂಡೇ ಕೂರಲಿ. ಮುಚ್ಚಿಟ್ಟು ಈ ದೇಶದಲ್ಲಿ ಆಗಿರೋದೇ ಸಾಕು.

ಭಾಷೆಯ ತೊಂದರೆ ಮಾತ್ರ ನಿಜ, ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. 'ಅಮ್ಮ ಹೋಗಿಬಿಟ್ಟಳು' ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಳಿದರೆ ರಜೆ ಕೇಳೋ ಆಫೀಸ್ ಮೇಲ್ ಥರ ಕೇಳಿಸುತ್ತೆ. 'ಅವಳ ಕೈ ಸಾರಿನ ರುಚಿ' ಅನ್ನೋದನ್ನ ಹೇಗೆ ಹೇಳ್ತೀರಿ? ಇದಕ್ಕಿರೋ ದಾರಿ ಒಂದೇ, ನಮ್ಮಲ್ಲಿ ಒಂದಿಬ್ಬರು ಹೋಗಿ ಆ ತರಬೇತಿ ತಗೊಳ್ಳೋದು. ಇಲ್ಲಿನ ಗುಂಪುಗಳಲ್ಲಿ ಇರೋರಿಗೆಲ್ಲ ವಯಸ್ಸಾಗ್ತಾ ಇದೆ, ಹೊಸಬರು ಬಂದರೆ ಬೇಡ ಅನ್ನಲ್ಲ. ಕನ್ನಡ, ಕೊಂಕಣಿ, ತುಳು ಬಲ್ಲ ಇಬ್ಬರು ಡಬ್ಲಿನ್ನಿನಲ್ಲಿ ಸಿಗಲ್ವಾ?

ಎಲ್ಲರನ್ನೂ ಎಳಕೊಂಡು ಹೋಗಿ ಕೂರಿಸಬೇಕು ಅಂತ ನಾನು ಹೇಳ್ತಿಲ್ಲ. ಹೆಚ್ಚಿನವರು ಮನೆಯವರು, ಸ್ನೇಹಿತರ ಜೊತೆಯಲ್ಲೇ ಹೇಗೋ ದಾಟಿಕೊಳ್ತಾರೆ. ಐರಿಷ್ ಹಾಸ್ಪಿಸ್ ಫೌಂಡೇಶನ್ (1986ರಲ್ಲಿ ಶುರುವಾದದ್ದು) ಈ ವಿಷಯವನ್ನ ಒಂದು ಪಿರಮಿಡ್ಡಿನ ಚಿತ್ರದಲ್ಲಿ ತೋರಿಸುತ್ತೆ. ತಳದಲ್ಲಿ ಎಲ್ಲರೂ: ಅವರಿಗೆ ಬೇಕಾದದ್ದು ಸುತ್ತಲಿನವರ ಕರುಣೆ, ಒಂದಿಷ್ಟು ತಿಳಿವಳಿಕೆ. ಅದರ ಮೇಲೆ ಕೆಲವರು: ಅವರಿಗೆ ಇಂಥ ಸ್ವಯಂಸೇವಕರ ಗುಂಪು. ಇನ್ನೂ ಮೇಲೆ ಹೋದಂತೆ ಆಪ್ತಸಮಾಲೋಚಕರು, ತುದಿಯಲ್ಲಿ ತಜ್ಞ ವೈದ್ಯರು. ಮೇಲಕ್ಕೆ ಹೋದಷ್ಟೂ ಜನ ಕಡಿಮೆ. ದುಃಖ ಕಾಯಿಲೆಯಲ್ಲ. ಆದರೆ ಒಂದು ಸಣ್ಣ ಪಾಲಿನ ಜನರಲ್ಲಿ ಅದು ಹೆಪ್ಪುಗಟ್ಟಿ ಕೂತುಬಿಡುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಆರು ತಿಂಗಳ ಗಡಿ ಹಾಕಿದೆ, ಅಮೆರಿಕದ ಮನೋವೈದ್ಯರು 2022ರಲ್ಲಿ ದೊಡ್ಡವರಿಗೆ ಹನ್ನೆರಡು ತಿಂಗಳು ಅಂದರು. ಅದಾದ ಮೇಲೂ ದಿನದ ಬದುಕೇ ನಡೀತಿಲ್ಲ ಅಂದ್ರೆ, ಅಥವಾ ಯಾವಾಗಾದರೂ ಸರಿ, ಬದುಕೋದೇ ಬೇಡ ಅನ್ನಿಸಿದರೆ, ಹೋಗಬೇಕಾದದ್ದು ಡಾಕ್ಟರ ಹತ್ತಿರ. ಒಳ್ಳೇ ಗುಂಪಿನವರು ಅದನ್ನ ತಾವೇ ಹೇಳಿ ಕಳಿಸ್ತಾರೆ.

ಕೋವಿಡ್ ಕಾಲದವರನ್ನ ಮರೆಯೋ ಹಾಗಿಲ್ಲ. 2020-21ರಲ್ಲಿ ಇಲ್ಲಿ ವೇಕ್ ಇರಲಿಲ್ಲ, ಕೈ ಕುಲುಕೋ ಹಾಗಿರಲಿಲ್ಲ, ಕೆಲವು ಹಂತಗಳಲ್ಲಿ ಚರ್ಚಿನೊಳಗೆ ಹತ್ತೇ ಜನ. ಊರಿನವರು ರಸ್ತೆಯ ಎರಡೂ ಬದಿ ದೂರ ದೂರ ನಿಂತು, ಶವದ ಗಾಡಿ ಹೋಗೋದನ್ನ ನೋಡಿದರು. ನಮ್ಮಲ್ಲಂತೂ ಎಷ್ಟೋ ಜನಕ್ಕೆ ಮುಖ ನೋಡೋಕೂ ಆಗಲಿಲ್ಲ. ಆಗ, ಜೂನ್ 2020ರಲ್ಲಿ, ಹಾಸ್ಪಿಸ್ ಫೌಂಡೇಶನ್ನು ಸರ್ಕಾರಿ ಆರೋಗ್ಯ ಸೇವೆಯ ಜೊತೆ ಸೇರಿ ಉಚಿತ ಫೋನ್ ಲೈನ್ ಶುರು ಮಾಡಿತು. ಭಾರತದಲ್ಲಿರೋರಿಗೆ 2022ರಿಂದ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೂ ಮಾತಾಡ್ತಾರೆ. ಆ ಮೊದಲ ಅರ್ಧವೂ ಸಿಗದೆ ಹೋದವರು ಈಗ ಬಂದು ಹೇಳ್ಕೊಂಡರೂ ತಡವಾಯ್ತು ಅಂತ ಯಾರೂ ಅನ್ನಲ್ಲ.

ನಮ್ಮ ಗುಂಪಿಗೆ ಹಾಕೋಕೆ ಅಂತ ನಾಲ್ಕು ಸಾಲು ಬರೆದಿದ್ದೀನಿ. ಹೊರದೇಶದಲ್ಲಿರೋ ಬ್ಲಾಗಿಗ ಗೆಳೆಯರು ನಿಮ್ಮ ಬೀದಿಯ ಚರ್ಚಿನಲ್ಲೂ ಇಂಥದ್ದು ಇದೆಯಾ ಅಂತ ಒಂದು ಸಲ ವಿಚಾರಿಸಿ, ಇದ್ದರೆ ಇದನ್ನೇ ತಿದ್ದಿ ಹಾಕಿಕೊಳ್ಳಿ, ನನ್ನ ಹೆಸರೇನೂ ಬೇಡ.

'ನಿಮ್ಮವರು ಯಾರಾದರೂ ಹೋಗಿದ್ದಾರಾ? ನಿನ್ನೆಯಾಗಲಿ, ಮೂರು ವರ್ಷದ ಹಿಂದಾಗಲಿ, ಇಲ್ಲಾಗಲಿ, ಊರಲ್ಲಾಗಲಿ. ಗುರುವಾರ ಸಂಜೆ ಪ್ಯಾರಿಷ್ ಸೆಂಟರಿನಲ್ಲಿ ಇಬ್ಬರು ಕೂತಿರ್ತಾರೆ. ದುಡ್ಡು ಕೇಳಲ್ಲ, ಜಾತಿ ಧರ್ಮ ಕೇಳಲ್ಲ. ಮಾತಾಡಬೇಕು ಅಂತಲೂ ಇಲ್ಲ, ಸುಮ್ಮನೆ ಕೂತು ಬರಬಹುದು. ಮೊದಲ ಸಲ ಒಬ್ಬರೇ ಹೋಗೋಕೆ ಆಗಲ್ಲ ಅಂದ್ರೆ ಹೇಳಿ, ಬಾಗಿಲ ತನಕ ಯಾರಾದರೂ ಬರ್ತೀವಿ.'

ಕೊನೆಯ ಸಾಲು ಹಾಕೋದಕ್ಕೆ ಮುಂಚೆ, ಬಾಗಿಲ ತನಕ ಬರೋರು ಯಾರು ಅಂತ ಗುಂಪಿನಲ್ಲಿ ಇಬ್ಬರನ್ನ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಸದ್ಯಕ್ಕೆ ಒಬ್ಬರು ಸಿಕ್ಕಿದ್ದಾರೆ, ಆ ತುಮಕೂರಿನವರು.